ಅವ್ವನ ಶೀರ್ಷಾಸನಕ್ಕೊಂದು ತೂಗುಗುಂಡು

ಕಳೆದ ತಿಂಗಳ ಒಂದು ಶನಿವಾರ. ನಾನು ನೌಕರಿ ಮಾಡುವ ಸಂಭಾಜಿನಗರದಿಂದ ಐದು ತಾಸು ಎಸ್.ಟಿ. ಬಸ್ಸಿನಲ್ಲಿ ಕುಲುಕಿಸಿಕೊಂಡು ಬಂದು ನಾಸಿಕ್‌ನ ನಮ್ಮ ಮನೆಯ ಬಾಗಿಲು ತೆಗೆದರೆ, ಅಡುಗೆಮನೆಯಲ್ಲಿ ಎರಡು ಪಾದಗಳು ಫ್ರಿಜ್ಜಿನ ಬಾಗಿಲಿಗೆ ಆತುಕೊಂಡು ನಿಂತಿದ್ದವು. ಪಾದಗಳ ಕೆಳಗೆ ಅಪ್ಪನ ಹಳೇ ಟ್ರ್ಯಾಕ್ ಪ್ಯಾಂಟು. ಅದರ ಕೆಳಗೆ, ನೆಲಕ್ಕೆ ಮಡಚಿ ಹಾಕಿದ ಚಾದರದ ಮೇಲೆ, ನನ್ನ ಅವ್ವನ ತಲೆ.

"ಬಸ್ಸು ಲಗೂ ಬಂತೇನ?" ಅಂತ ಆ ತಲೆ ಕೇಳಿತು.

ಐವತ್ತನಾಲ್ಕು ವರ್ಷದ ಹೆಂಗಸು. ಮುಖ ಬೀಟ್‌ರೂಟ್ ಆಗಿದೆ. ಗ್ಯಾಸಿನ ಮೇಲೆ ಚಹಾ ಉಕ್ಕುತ್ತಿದೆ. ನಾನು ಮೊದಲು ಯಾವುದನ್ನು ಇಳಿಸಬೇಕು, ಚಹಾನೋ ಅವ್ವನನ್ನೋ?

ಯಾಕಿಷ್ಟು ಗಾಬರಿ ಅಂತ ಮೊದಲೇ ಹೇಳಿಬಿಡುತ್ತೇನೆ. ಅವ್ವನಿಗೆ ಗ್ಲಾಕೋಮಾ ಇದೆ. ಕಣ್ಣಿನೊಳಗೆ ಒತ್ತಡ ಏರಿ, ನರ ಸವೆದು, ನೋಟ ಅಂಚಿನಿಂದ ಸದ್ದಿಲ್ಲದೆ ಹೋಗುತ್ತಾ ಬರುವ ರೋಗ. ನೋವಿಲ್ಲ, ಉರಿಯಿಲ್ಲ. ಹೋದ ನೋಟ ವಾಪಸ್ ಬರುವುದಿಲ್ಲ, ಇದ್ದದ್ದನ್ನು ಕಾಯ್ದುಕೊಳ್ಳಬಹುದು ಅಷ್ಟೇ. ಅದಕ್ಕೇ ಮೂರು ವರ್ಷದಿಂದ ಎರಡೂ ಕಣ್ಣಿಗೆ ದಿನಾ ಡ್ರಾಪ್ಸ್. ತಲೆ ಕೆಳಗೆ ಕಾಲು ಮೇಲೆ ಆಗುವ ಯಾವ ಕಸರತ್ತೂ ಬೇಡ, ಕಣ್ಣಿನ ಒತ್ತಡ ಏರುತ್ತದೆ ಅಂತ ಡಾಕ್ಟರು ಮೊದಲ ದಿನವೇ ಹೇಳಿದ್ದರು. ನಾನು ಪಕ್ಕದಲ್ಲೇ ಕೂತಿದ್ದೆ.

ಇಷ್ಟೆಲ್ಲ ಗೊತ್ತಿದ್ದ ಅವ್ವ ಫ್ರಿಜ್ಜಿಗೆ ಕಾಲು ಕೊಟ್ಟು ಹೋಮ್‌ವರ್ಕ್ ಮಾಡುತ್ತಿದ್ದಳು.

ಹೋಮ್‌ವರ್ಕ್ ಕೊಟ್ಟವರು ಮುಧೋಳ ಸರ್. ನಮ್ಮ ಕಾಲೊನಿಯ ಹೊಸ ಯೋಗ ಟೀಚರ್. ಓಝರ್ ಕಡೆಯ ವಿಮಾನ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿ ದುಡಿದು ರಿಟೈರ್ ಆದವರು. ಆಮೇಲೆ ಹತ್ತು ದಿನದ ಶಿಬಿರವೊಂದಕ್ಕೆ ಹೋಗಿ ಯೋಗ ಕಲಿತು, ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿ, ಸಮಾಜ ಮಂದಿರದಲ್ಲಿ ಬೆಳಗ್ಗೆ ಆರಕ್ಕೆ ಹೆಂಗಸರ ಕ್ಲಾಸು ಶುರು ಮಾಡಿದ್ದಾರೆ. ಫೀಸು ತಗೊಳ್ಳುವುದಿಲ್ಲ. ಒಂದು ನಿಮಿಷ ತಡ ಮಾಡುವುದಿಲ್ಲ. ಮನುಷ್ಯ ಕೆಟ್ಟವರಲ್ಲ. (ಕೆಟ್ಟವರಾಗಿದ್ದರೆ ನನ್ನ ಕೆಲಸ ಎಷ್ಟು ಸುಲಭವಿತ್ತು!)

ಹಾಗಾದರೆ ಅವರ ಅರ್ಹತೆ ಏನು? ಅವರು ನಮ್ಮವರು. ಅಷ್ಟೇ.

ನಮ್ಮ ಕಾಲೊನಿಯಲ್ಲಿ ಅರ್ಧ ಮನೆ ಬಾಗಲಕೋಟೆ, ಗದಗ, ಧಾರವಾಡ ಕಡೆಯವರದು. ಇಲ್ಲಿನ ಹೆಂಗಸರು ಇಪ್ಪತ್ತೈದು ವರ್ಷದಿಂದ ಮರಾಠಿಯಲ್ಲಿ ಕಾಯಿಪಲ್ಲೆ ಚೌಕಾಸಿ ಮಾಡಿದ್ದಾರೆ, ಹಿಂದಿಯಲ್ಲಿ ಗ್ಯಾಸ್ ಏಜೆನ್ಸಿಯವನ ಜೊತೆ ಜಗಳ ಆಡಿದ್ದಾರೆ, ಮಕ್ಕಳ ಇಂಗ್ಲಿಷಿಗೆ ತಲೆ ಆಡಿಸಿದ್ದಾರೆ. ಈಗ ಒಬ್ಬರು ಬೆಳ್ಳಂಬೆಳಗ್ಗೆ ಎದುರಿಗೆ ನಿಂತು "ಉಸರ ಒಳಗ ತಗೋರಿ... ಸಾವಕಾಶ ಬಿಡ್ರಿ" ಅಂದರೆ? ಕರಗಿ ಹೋಗಿದ್ದಾರೆ. ಅದೇ ಜಾಗದಲ್ಲಿ ಒಬ್ಬ ಮರಾಠಿ ಟೀಚರ್ ನಿಂತು ಶೀರ್ಷಾಸನ ಮಾಡಿ ಅಂದಿದ್ದರೆ, ಇದೇ ಹೆಂಗಸರು ಎಲ್ಲಿ ಕಲಿತಿರಿ, ಎಷ್ಟು ವರ್ಷ ಕಲಿತಿರಿ, ಬಿದ್ದರೆ ಯಾರು ಜವಾಬ್ದಾರಿ ಅಂತ ಜನ್ಮ ಜಾಲಾಡುತ್ತಿದ್ದರು. ಕನ್ನಡದಲ್ಲಿ ಹೇಳಿದ್ದಕ್ಕೆ ತಲೆಕೆಳಗಾಗಿಬಿಟ್ಟರು.

ಚಹಾ ಸೋಸಿಕೊಂಡು ವಿಚಾರಣೆ ಶುರು ಮಾಡಿದೆ.

"ಅವ್ವಾ, ನಿನ್ನ ಕಣ್ಣಿನ ಸುದ್ದಿ ಅವರಿಗೆ ಹೇಳೀಯೇನು?"

"ಅವರು ಕೇಳಿದ್ರವ್ವಾ. ಮೊದಲನೇ ದಿನಾನ ಕೇಳಿದ್ರು. ಯಾರಿಗೆ ಏನು ತೊಂದ್ರಿ ಐತಿ, ಕೈ ಎತ್ರಿ ಅಂದ್ರು."

"ಮತ್ತ? ಎತ್ತಿದಿ?"

"ಯಾರೂ ಎತ್ತಲಿಲ್ಲ."

"ನಾ ನಿನ್ನ ಕೇಳಾಕತ್ತೀನಿ."

"ಯಾರೂ ಎತ್ತಲಿಲ್ಲ ಅಂದ್ನೆಲ್ಲ. ನಾ ಒಬ್ಬಾಕಿ ಯಾಕ ಎತ್ತಲಿ?"

ಮುಧೋಳ ಸರ್ ತಮ್ಮ ರಿಜಿಸ್ಟರಿನ ಮೊದಲ ಪುಟದಲ್ಲಿ ಬರೆದುಕೊಂಡರಂತೆ: ಒಟ್ಟು ಹನ್ನೊಂದು ಮಂದಿ. ತೊಂದರೆ: ನಿಲ್.

ಹನ್ನೊಂದು ಮಂದಿ. ಎಲ್ಲರೂ ನಲವತ್ತು ದಾಟಿದವರು. ಎಲ್ಲರಿಗೂ ಕನಿಷ್ಠ ಒಂದು ಹೆರಿಗೆ, ಒಂದು ಅತ್ತೆ. ಮೈಯಲ್ಲಿ ಒಂದು ತೊಂದರೆಯೂ ಇಲ್ಲವಂತೆ. ಯಾವ ಇನ್‌ಸ್ಪೆಕ್ಟರ್ ಇದನ್ನು ನಂಬುತ್ತಾನೆ?

"ಆತು, ನಾಳೆ ನಾ ಬಂದು ಅವರ ಕೂಡ ಮಾತಾಡ್ತೀನಿ" ಅಂದೆ.

"ಮಾತಾಡು. ಆದ್ರ ನನ್ನ ಕಣ್ಣಿನ ಸುದ್ದಿ ಎತ್ತಬ್ಯಾಡ. ನನ್ನ ಮ್ಯಾಲೆ ಆಣಿ ಐತಿ ನೋಡು."

"ಅದನ್ನ ಬಿಟ್ಟು ಏನ್ ಮಾತಾಡ್ಲಿ ಅವ್ವಾ?"

"ಏನರ ಮಾತಾಡು. ಕಾಲೇಜಿನಾಗ ಬರೇ ಮಾತಾಡಿ ಅಷ್ಟೊಂದು ಕಪ್ ತಂದೀಯಲ್ಲ. ಧೂಳಾ ಒರಸಾಕಿ ನಾನು."

ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಅಪ್ಪನ ಕಡೆ ನೋಡಿದೆ. ಅಪ್ಪ ಅದೇ ಕಾರ್ಖಾನೆಯ ಟೆಕ್ನಿಷಿಯನ್. ಒಂದು ಕಾಲದಲ್ಲಿ ಅವರು ಮಾಡಿದ ಕೆಲಸಕ್ಕೆ ಓಕೆ ಮುದ್ರೆ ಒತ್ತುತ್ತಿದ್ದವರು ಮುಧೋಳ ಸರ್. ಇವತ್ತಿಗೂ ಸರ್ ಎದುರಿಗೆ ಅಪ್ಪ ಕುರ್ಚಿಯ ಮೇಲೆ ಕೂರುವುದಿಲ್ಲ. "ಸರ್‌ಗೆ ನಾ ಹೆಂಗ ಹೇಳ್ಲಿ" ಅಂತ ಪೇಪರ್ ಎತ್ತಿಕೊಂಡು ಮುಖ ಮುಚ್ಚಿಕೊಂಡರು.

ಭಾನುವಾರ ಬೆಳಗ್ಗೆ ಆರು. ಸಮಾಜ ಮಂದಿರದ ಹಾಲಿನಲ್ಲಿ ಹನ್ನೊಂದು ಚಾಪೆ, ಗೆರೆ ಎಳೆದಂತೆ ನೇರ. ಮುಧೋಳ ಸರ್ ಬಿಳಿ ಪೈಜಾಮಾ, ಕೈಯಲ್ಲಿ ಕ್ಲಿಪ್‌ಬೋರ್ಡ್. ಜೇಬಿನಲ್ಲಿ ಏನಿತ್ತು ಅಂದುಕೊಂಡಿರಿ? ತೂಗುಗುಂಡು! ಗೌಂಡಿಗಳು ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡಲು ದಾರಕ್ಕೆ ಕಟ್ಟಿ ಇಳಿಬಿಡುತ್ತಾರಲ್ಲ, ಅದೇ. ಶೀರ್ಷಾಸನದಲ್ಲಿ ನಿಂತವರ ಪಕ್ಕ ಅದನ್ನು ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ, ಹಿಮ್ಮಡಿ, ಮಂಡಿ, ಸೊಂಟ, ಭುಜ ಒಂದೇ ಗೆರೆಯಲ್ಲಿವೆಯೇ ಅಂತ ನೋಡುತ್ತಾರೆ. ಇದ್ದರೆ "ಓಕೆ". ಇಲ್ಲದಿದ್ದರೆ "ರೀವರ್ಕ್". ಯಾರಾದರೂ ದೊಪ್ಪನೆ ಬಿದ್ದರೆ "ರಿಜೆಕ್ಟ್", ಅದಕ್ಕೆ ಎಲ್ಲರೂ ನಗುತ್ತಾರೆ, ಬಿದ್ದವರೂ.

ನಾನು ಅನುಮತಿ ಕೇಳಿ ಎದ್ದು ನಿಂತೆ. ಕೊಟ್ಟರು.

ನನಗಿರುವ ಒಂದೇ ಒಂದು ಅಸ್ತ್ರವನ್ನು ಅವ್ವ ಆಣೆ ಹಾಕಿ ಕಿತ್ತುಕೊಂಡಿದ್ದಳು. ಪರವಾಗಿಲ್ಲ. ಕಾಲೇಜಿನ ಡಿಬೇಟುಗಳಲ್ಲಿ ಹದಿನೈದು ನಿಮಿಷ ತಯಾರಿ ಕೊಟ್ಟು ಯಾವ ವಿಷಯ ಕೊಟ್ಟರೂ, ಪರ ಅಂದರೆ ಪರ, ವಿರೋಧ ಅಂದರೆ ವಿರೋಧ ಮಾತಾಡಿ ಬಂದವಳು ನಾನು. ಸಂಗತಿ ಕೈಯಲ್ಲಿ ಇಲ್ಲದೆಯೂ ಗೆಲ್ಲುವುದು ಹೇಗೆ ಅಂತ ಗೊತ್ತು. (ಇದು ಹೆಮ್ಮೆಯಲ್ಲ, ತಪ್ಪೊಪ್ಪಿಗೆ.)

"ಸರ್, ಒಬ್ಬ ಡಾಕ್ಟರ್ ಹನ್ನೊಂದು ಜನರನ್ನ ಸಾಲಾಗಿ ನಿಲ್ಲಿಸಿ ಎಲ್ಲರಿಗೂ ಒಂದೇ ಗುಳಗಿ ಕೊಟ್ರ ನೀವು ಒಪ್ತೀರೇನ್ರಿ?"

"ಒಪ್ಪಂಗಿಲ್ಲ."

"ಮತ್ತ ಎಲ್ಲರಿಗೂ ಒಂದೇ ಆಸನ ಯಾಕ್ರಿ?"

"ಒಂದು ವಿಮಾನಕ್ಕ ಒಂದು ಡ್ರಾಯಿಂಗ್ ಇರ್ತೈತೆವ್ವಾ. ನೂರು ವಿಮಾನ ಆದ್ರೂ ಅದೇ ಡ್ರಾಯಿಂಗು."

"ಇಲ್ಲಿ ಕೂತವರು ಒಂದೇ ಡ್ರಾಯಿಂಗಿನಿಂದ ಬಂದಿಲ್ಲ ಸರ್. ಒಬ್ಬರಿಗೆ ನಲವತ್ತೆರಡು ವಯಸ್ಸು, ಒಬ್ಬರಿಗೆ ಅರವತ್ತೊಂದು."

ಅಲ್ಲಿಂದ ನಾನು ಶುರು ಹಚ್ಚಿಕೊಂಡೆ ನೋಡಿ. ಕುತ್ತಿಗೆಯ ಮೇಲೆ ಇಡೀ ಮೈಭಾರ. ಬಿ.ಪಿ. ತಿಂಗಳುಗಟ್ಟಲೆ ತಯಾರಿ ಮಾಡಿಸಿ ಕಲಿಸಬೇಕಾದ್ದನ್ನು ಎರಡನೇ ವಾರಕ್ಕೇ ಮಾಡಿಸುವುದು. ಕಲಿಸುವವರಿಗೆ ಹತ್ತು ದಿನದ ಕಲಿಕೆ. ಪಾಯಿಂಟ್ ಮೇಲೆ ಪಾಯಿಂಟ್. ಎಂಟು ನಿಮಿಷ. ಸರ್ ಮಧ್ಯೆ ಬಾಯಿ ಹಾಕಲಿಲ್ಲ. ಕ್ಲಿಪ್‌ಬೋರ್ಡಿನಲ್ಲಿ ಏನೋ ಬರೆದುಕೊಳ್ಳುತ್ತಾ ಕೇಳಿದರು. ಮುಗಿಸಿದಾಗ ಹಿಂದಿನ ಚಾಪೆಯಿಂದ ಚಪ್ಪಾಳೆ ಕೂಡ ಬಿತ್ತು.

"ಏನ್ ಮಾತಾಡ್ತಾಳ್ರೀ ನಿಮ್ಮ ಮಗಳು! ಟೀವಿಯೊಳಗ ಬರಬೇಕ್ ನೋಡ್ರಿ ಈಕಿ" ಅಂದರು ಶಕುಂತಲಾ ಕಾಕು. ನಮ್ಮ ಪಕ್ಕದ ಮನೆಯವರು.

ಮುಧೋಳ ಸರ್ ಪೆನ್ನಿಗೆ ಟೋಪಿ ಹಾಕಿದರು.

"ಮಾತು ಛಲೋ ಆತವ್ವಾ. ಈಗ ಪೇಪರ್ ಐತೇನು?"

"ಯಾವ ಪೇಪರ್ ಸರ್?"

"ಇಂಥವರಿಗೆ ಇಂಥಾದ್ದು ಆಗಂಗಿಲ್ಲ ಅಂತ ಡಾಕ್ಟರ್ ಬರದು ಸಹಿ ಮಾಡಿದ್ದು. ನಮ್ಮ ಲೈನಿನಾಗ ಬಾಯಿಮಾತು ನಡಿಯಂಗಿಲ್ಲ. ಒಂದು ರಿವೆಟ್ ಮೊಳಿ ಕೂದಲೆಳಿಯಷ್ಟು ಸರದಿದ್ರೂ ಬರದು ಕೊಡಬೇಕು. ಮ್ಯಾಲಿನವರು ಸಹಿ ಹಾಕಬೇಕು. ಆಮ್ಯಾಲೆ ಅದನ್ನ ಬ್ಯಾರೆ ಇಡ್ತೀವಿ. ಬರದು ಕೊಟ್ಟಿಲ್ಲಂದ್ರ ಓಕೆ ಐತಿ ಅಂತನ ಅರ್ಥ."

ಅದಕ್ಕೆ ಉತ್ತರ ಮೂರನೇ ಚಾಪೆಯ ಮೇಲೆ ಕೂತಿತ್ತು. ನನ್ನ ಮುಖ ನೋಡುತ್ತಿರಲಿಲ್ಲ.

ಆಮೇಲೆ ಆದದ್ದನ್ನು ನೆನೆಸಿಕೊಂಡರೆ ಈಗಲೂ ಸುಸ್ತಾಗುತ್ತದೆ. ಶಕುಂತಲಾ ಕಾಕು ಅವ್ವನ ಕಡೆ ಬಗ್ಗಿ, "ಯಾಕ್ರೀ ವೈನಿ, ನಿಮಗೇನರ ತ್ರಾಸ ಐತೇನು? ಮಗಳು ಇಷ್ಟು ತಳಮಳ ಮಾಡಾಕತ್ತಾಳ?" ಅಂದರು. ಸುಮ್ಮನೆ ಕೇಳಿದ್ದೇ ಇರಬಹುದು. ಅವ್ವ ನಕ್ಕಳು. "ನನಗೇನಾಗೈತ್ರೀ? ಗುಂಡಕಲ್ಲಿನಂಗ ಅದೀನಿ" ಅಂದವಳೇ ಎಲ್ಲರಿಗಿಂತ ಮೊದಲು ತಲೆ ನೆಲಕ್ಕೆ ಹಚ್ಚಿ ಕಾಲು ಎತ್ತಿದಳು.

ಎಲ್ಲರಿಗಿಂತ ಕೊನೆಗೆ ಇಳಿಸಿದಳು.

ನಾನು ವಾಚು ನೋಡುತ್ತಾ ನಿಂತಿದ್ದೆ. ಒಂದು ನಿಮಿಷ. ಒಂದೂವರೆ. ಉಳಿದವರೆಲ್ಲ ಇಳಿದು ಸೆರಗು ದುಪಟ್ಟಾ ಸರಿಮಾಡಿಕೊಳ್ಳುತ್ತಿದ್ದಾರೆ. ಇವಳು ಇಳಿಯುತ್ತಿಲ್ಲ. ತನಗೇನೂ ಆಗಿಲ್ಲ ಅಂತ ಉಳಿದ ಹತ್ತು ಜನಕ್ಕೆ ತೋರಿಸಬೇಕಲ್ಲ? ಸರ್ ಗುಂಡು ಇಳಿಬಿಟ್ಟು, ಕಣ್ಣು ಕಿರಿದು ಮಾಡಿ, "ಓಕೆ" ಅಂದರು.

ನನ್ನ ಎಂಟು ನಿಮಿಷದ ಅಮೋಘ ವಾದದಿಂದ ಆದದ್ದು ಇಷ್ಟು: ಅವ್ವನ ಕಣ್ಣಿಗೆ ಒಂದು ನಿಮಿಷ ಹೆಚ್ಚಿನ ಒತ್ತಡ.

ಮಧ್ಯಾಹ್ನವೇ ಅವ್ವನನ್ನು ಕರೆದುಕೊಂಡು ಸಂಭಾಜಿನಗರದ ಬಸ್ಸು ಹತ್ತಿದೆ. ನೆಪ, ನನ್ನ ರೂಮಿಗೆ ಪರದೆ ಹೊಲಿಸುವುದು. ನಿಜ, ಕಣ್ಣಿನ ಡಾಕ್ಟರು. ಅವ್ವನ ಡಾಕ್ಟರು ಇರುವುದು ಸಂಭಾಜಿನಗರದಲ್ಲಿ. ನಾಸಿಕ್‌ನಲ್ಲಿ ಕಣ್ಣಿನ ಡಾಕ್ಟರುಗಳಿಗೆ ಬರವೇ? ಇಲ್ಲ. ಆದರೆ ಅಲ್ಲಿ ಯಾವ ಆಸ್ಪತ್ರೆಯ ಬೆಂಚಿನ ಮೇಲೆ ಕೂತರೂ ಪಕ್ಕದಲ್ಲಿ ಕಾಲೊನಿಯವರು ಯಾರಾದರೂ ಬಂದು ಕೂರುತ್ತಾರೆ ಅಂತ ಅವ್ವನ ನಂಬಿಕೆ. ಹಾಗಾಗಿ ಆರು ತಿಂಗಳಿಗೊಮ್ಮೆ "ಮಗಳನ್ನ ನೋಡಿ ಬರ್ತೀನ್ರಿ" ಅಂತ ಹೊರಡುತ್ತಾಳೆ. ಈ ಸಲ ಆರು ತಿಂಗಳು ಒಂಬತ್ತಾಗಿತ್ತು. ನಾನೂ ಲೆಕ್ಕ ಇಟ್ಟಿರಲಿಲ್ಲ.

(ನನ್ನ ನೌಕರಿ ಏನು ಅಂತ ಹೇಳಲೇ? ಸಂಭಾಜಿನಗರದ ಹತ್ತಿರದ ಬಿಡಕಿನ್‌ನ ಹೊಸ ಕಾರ್ಖಾನೆಯೊಂದರಲ್ಲಿ ಕೆಲಸಗಾರರಿಗೆ ಸೇಫ್ಟಿ ಪಾಠ ಹೇಳುವುದು. ಕಣ್ಣಿಗೆ ಕನ್ನಡಕ ಹಾಕದೆ ಮಷೀನ್ ಹತ್ತಿರ ಹೋಗಬೇಡಿ ಅಂತ ದಿನಕ್ಕೆ ನಾಲ್ಕು ಬ್ಯಾಚಿಗೆ ಹೇಳುತ್ತೇನೆ. ನಗಬೇಡಿ.)

ಸೋಮವಾರ ಆಸ್ಪತ್ರೆ. ಅಲ್ಲಿ ಒಂದು ಮಷೀನು. ಅದರ ಬಟ್ಟಲಿನಂಥ ಬಾಯಿಗೆ ಮುಖ ಕೊಟ್ಟು ಕೂರಬೇಕು. ಒಳಗೆ ಎಲ್ಲೆಲ್ಲೋ ಬೆಳಕಿನ ಚುಕ್ಕೆ ಮಿಂಚುತ್ತದೆ. ಕಂಡಾಗಲೆಲ್ಲ ಕೈಯಲ್ಲಿನ ಬಟನ್ ಒತ್ತಬೇಕು. ನಾನು ಪರದೆಯ ಈಚೆ ನಿಂತಿದ್ದೆ. ಟಿಕ್, ಟಿಕ್, ಟಿಕ್ ಅಂತ ಸದ್ದು. ನಡುವೆ ಸದ್ದು ನಿಲ್ಲುತ್ತಿತ್ತು. ಮತ್ತೆ ಟಿಕ್. ಮತ್ತೆ ನಿಲ್ಲುತ್ತಿತ್ತು, ಈ ಸಲ ಇನ್ನೂ ಹೆಚ್ಚು ಹೊತ್ತು. ಒತ್ತು ಅವ್ವಾ, ಒತ್ತು ಅಂತ ನಾನು ಇಲ್ಲಿ ಹೆಬ್ಬೆರಳು ಒತ್ತಿಕೊಳ್ಳುತ್ತಿದ್ದೆ.

ಹೊರಗೆ ಬಂದ ಅವ್ವ ಅಂದಳು, "ಮಷೀನ್ ಕೆಟ್ಟೈತೇನು ನೋಡಾಕ ಹೇಳು. ನಡು ನಡುವ ದೀಪಾನ ಬರವಲ್ದು."

ಮಷೀನು ಚೆನ್ನಾಗಿತ್ತು.

ಡಾಕ್ಟರು ಎರಡು ಪ್ರಿಂಟ್ ಪಕ್ಕಪಕ್ಕ ಇಟ್ಟರು. ಹೋದ ಸಲದ್ದು, ಈ ಸಲದ್ದು. ಎಡಗಣ್ಣಿನ ಮೇಲಂಚಿನಲ್ಲಿ ಮೊದಲು ಕಡ್ಲೆಕಾಳಿನಷ್ಟಿದ್ದ, ನೋಟ ಹೋದ ಜಾಗದ ಕಪ್ಪು ಈಗ ಅವರೆಕಾಳಿನಷ್ಟು. "ದೀಪಗಳು ಬಂದಿದ್ದವು ಕಾಕೂ. ನಿಮಗೆ ಕಾಣಲಿಲ್ಲ" ಅಂತ ಅವ್ವನಿಗೆ ಮರಾಠಿಯಲ್ಲಿ ಮೆತ್ತಗೆ ಹೇಳಿದರು. ಅವ್ವ ಆ ಕಪ್ಪಿನ ಮೇಲೆ ಬೆರಳಿಟ್ಟಳು.

ನಾನು ತಕ್ಷಣ ಕೇಳಿದೆ, "ಶೀರ್ಷಾಸನದಿಂದಲೇ ಆದದ್ದಾ ಇದು?"

"ಹಾಗೆ ಹೇಳೋಕಾಗಲ್ಲ. ರೋಗವೇ ಮುಂದುವರಿದಿರಬಹುದು. ಡ್ರಾಪ್ಸ್ ತಪ್ಪಿರಬಹುದು. ಶೀರ್ಷಾಸನ ಖಂಡಿತ ಬೇಡ. ಆದರೆ ಅದರದ್ದೇ ತಪ್ಪು ಅಂತ ನಾನು ಬರೆದುಕೊಡೋಕಾಗಲ್ಲ."

ಒಳಗೊಳಗೇ ನಿರಾಸೆಯಾಯಿತು ನನಗೆ. ಸಾಕ್ಷ್ಯ ಬೇಕು, ಸಾಕ್ಷ್ಯ ಬೇಕು ಅಂತ ಊರಿಗೆಲ್ಲ ಪಾಠ ಹೇಳುವ ನನಗೆ ಆ ಕ್ಷಣ ಬೇಕಿದ್ದದ್ದು ಸಾಕ್ಷ್ಯ ಅಲ್ಲ, ಒಬ್ಬ ಅಪರಾಧಿ.

ಅವ್ವ ಕುತ್ತಿಗೆ ಬಗ್ಗಿಸಿ ತಾನಾಗಿಯೇ ಬಾಯಿಬಿಟ್ಟಳು. ಡ್ರಾಪ್ಸ್ ತಪ್ಪಿಸಿದ್ದುಂಟು. ಮನೆಗೆ ಯಾರಾದರೂ ಬಂದು ಉಳಿದಾಗ ಹಾಕಿಕೊಳ್ಳುವುದಿಲ್ಲ. ಬಾಟಲಿ ಇರುವುದು ಫ್ರಿಜ್ಜಿನಲ್ಲೂ ಅಲ್ಲ, ಕಪಾಟಿನಲ್ಲೂ ಅಲ್ಲ. ತೊಗರಿಬೇಳೆ ಡಬ್ಬಿಯಲ್ಲಿ.

ಇಲ್ಲಿ ನಾನೊಂದು ನಾಚಿಕೆಗೇಡಿನ ಕೆಲಸ ಮಾಡಿದೆ. ಸುಳ್ಳು ಪೇಪರ್ ಕೇಳಿದೆ. "ಮ್ಯಾಡಮ್, ಕುತ್ತಿಗೆ ನೋವು ಅಂತ ಬರೆದುಕೊಡ್ತೀರಾ? ಶೀರ್ಷಾಸನ ತಪ್ಪಿದರೆ ಸಾಕು."

ಡಾಕ್ಟರು ಕನ್ನಡಕ ತೆಗೆದರು. "ನಾನು ಕಣ್ಣಿನ ಡಾಕ್ಟರ್. ಕುತ್ತಿಗೆ ನನ್ನ ಏರಿಯಾ ಅಲ್ಲ. ಇದ್ದದ್ದು ಇದ್ದ ಹಾಗೆ ಬರೆದುಕೊಟ್ಟರೆ ಏನು ತೊಂದರೆ?" ಅಂದು ಹಾಗೇ ಬರೆದು, ಸಹಿ, ಸೀಲು ಹಾಕಿ ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಅಂದಹಾಗೆ ನಿಮ್ಮ ಕಣ್ಣು ತೋರಿಸಿದ್ದೀರಾ? ಇದು ಮನೆತನದಲ್ಲಿ ಇಳಿದು ಬರಬಹುದು. ತಾಯಿಗೆ ಇದ್ದರೆ ಮಕ್ಕಳು ತಪಾಸಣೆ ಮಾಡಿಸಲೇಬೇಕು."

ಅವ್ವ ಗಾಬರಿಯಿಂದ ಅರ್ಧ ತೆರೆದಿದ್ದ ಬಾಗಿಲಿನ ಕಡೆ ನೋಡಿದಳು. "ಹಳೂ ಬೋಲಾ ಮ್ಯಾಡಮ್, ಹಳೂ" ಅಂತ ಡಾಕ್ಟರಿಗೇ ಸನ್ನೆ ಮಾಡಿದಳು, ಸ್ವಲ್ಪ ಮೆಲ್ಲಗೆ ಅಂತ.

ಹೊರಗೆ ಕಬ್ಬಿನಹಾಲಿನ ಅಂಗಡಿಯ ಬೆಂಚಿನ ಮೇಲೆ ಕೂತಾಗ ಕೇಳಿದೆ, "ಮೆಲ್ಲಗ ಯಾಕ ಅವ್ವಾ? ಇಲ್ಲಿ ನಮ್ಮವರು ಯಾರದಾರ?"

"ಶಕುಂತಲಾ ಕಾಕೂನ ತಂಗಿ ಮಗ ಅದಾನ. ಬೆಳಗಾವಿಯೊಳಗ. ಬ್ಯಾಂಕಿನಾಗ."

"ಅಂವಾ ಈ ಆಸ್ಪತ್ರಿಗೆ ಯಾಕ ಬರ್ತಾನ?"

"ಹುಚ್ಚಿ! ಅಂವನ್ನ ನಿನಗ ನೋಡಾಕತ್ತೀವಿ."

ಗ್ಲಾಸು ಕೈಯಲ್ಲೇ ಉಳಿಯಿತು.

"ತಾಯಿ ಕಣ್ಣು ಹೊಂಟಾವು, ಮಗಳವೂ ಹೋಗ್ತಾವಂತ ಅಂತ ಒಂದು ಮಾತು ಹೊರಗ ಬಿತ್ತಂದ್ರ ಮುಗೀತು. ಕಣ್ಣು ಹೋದ್ರ ಸಾವಕಾಶ ಹೋಗ್ತಾವು. ಮಾತು ಹಂಗಲ್ಲ. ಶ್ರಾವಣದಾಗ ಕಾಕೂನ ತಂಗಿ, ಕಾಕೂನ ಮನ್ಯಾಗ ಜಾಗಾ ಸಾಲದಕ್ಕ, ನಮ್ಮ ಮನ್ಯಾಗ ಎಂಟು ದಿನ ಇದ್ಲಲ್ಲ, ನಿನ್ನ ಫೋಟೋ ಎಲ್ಲಾ ನೋಡಿದ್ಲು. ಆ ಎಂಟೂ ದಿನ ನಾ ಡ್ರಾಪ್ಸ್ ಹಾಕ್ಕೊಂಡಿಲ್ಲ."

ಇಲ್ಲಿಯವರೆಗೆ ನನ್ನ ಕೇಸು ಸರಳವಾಗಿತ್ತು. ಒಬ್ಬ ಅರೆಬರೆ ಕಲಿತ ಯೋಗ ಟೀಚರ್, ಒಬ್ಬಳು ಮುಗ್ಧ ತಾಯಿ, ಒಬ್ಬಳು ಜಾಣೆ ಮಗಳು. ಈಗ ನೋಡಿದರೆ ಶೀರ್ಷಾಸನಕ್ಕೆ ಕಾರಣ ಟೀಚರ್ ಒಬ್ಬರೇ ಅಲ್ಲ. ನಾನು ಮದುವೆಗೆ ಬಂದು ನಿಂತಿದ್ದೇನೆ ಅನ್ನುವುದೂ ಕಾರಣ. ನನ್ನನ್ನು ಯಾರೂ ಕೇಳಿರಲಿಲ್ಲ, ಸರಿ. ನಾನಾದರೂ ಕೇಳಿದ್ದೆನೇ? ಮೂರು ವರ್ಷ ಅವಳ ಪಕ್ಕದಲ್ಲಿ ಕೂತು ಡಾಕ್ಟರ ಮಾತು ಕೇಳಿದ್ದೇನೆ. ಮಕ್ಕಳಿಗೂ ಬರಬಹುದು ಅನ್ನುವುದು ಗೊತ್ತಿತ್ತು. ನನ್ನ ಕಣ್ಣು ತೋರಿಸಿರಲಿಲ್ಲ. ಟೈಮ್ ಇರಲಿಲ್ಲ ಅಂತ ಹೇಳಬಲ್ಲೆ. ಎದುರಾಳಿ ಯಾರಾದರೂ ಹಾಗೆ ಹೇಳಿದ್ದರೆ ಸುಮ್ಮನೆ ಬಿಡುತ್ತಿದ್ದೆನೇ?

"ನನಗ ಆ ಹುಡುಗ ಬ್ಯಾಡ ಅವ್ವಾ" ಅಂದೆ.

"ಅಂವಾ ಬ್ಯಾಡಾದ್ರ ಇನ್ನೊಬ್ಬಂವ. ಕಾಲೊನಿ ಅದೇ ಅಲ್ಲೇನು?"



ಬುಧವಾರ ರಜೆ ಹಾಕಿ ಅವ್ವನ ಜೊತೆ ವಾಪಸ್ ಬಂದೆ. ದಾರಿಯುದ್ದಕ್ಕೂ ಅವ್ವ ಕಿಟಕಿಯ ಪಕ್ಕ ಕೂತು ಒಂದು ಕಣ್ಣು ಕೈಯಿಂದ ಮುಚ್ಚುವುದು, ತೆಗೆಯುವುದು, ಇನ್ನೊಂದನ್ನು ಮುಚ್ಚುವುದು ಮಾಡುತ್ತಿದ್ದಳು. ಹೊರಗೆ ಈರುಳ್ಳಿ ಹೊಲ. ಎಡಗಣ್ಣಲ್ಲಿ ಎಷ್ಟು ಹೊಲ ಕಾಣುತ್ತದೆ ಅಂತ ಲೆಕ್ಕ ಹಾಕುತ್ತಿದ್ದಳೋ ಏನೋ. ಯೇವಲಾ ಊರು ದಾಟಿದ ಮೇಲೆ ಕೈ ಚಾಚಿದಳು.

"ಆ ಡಾಕ್ಟರ್ ಬರದ ಚೀಟಿ ಕೊಡಿಲ್ಲಿ."

"ಏನ್ ಮಾಡ್ತೀ?"

"ಕೊಡ್ತೀನಿ ಸರ್‌ಗೆ."

"ಮತ್ತ ಕಾಕು? ಬೆಳಗಾವಿ?"

"ದೀಪ ಬಂದಿದ್ವಂತಲ್ಲ" ಅಂದಳು. "ನನಗ ಕಾಣಲೇ ಇಲ್ಲ." ಅಷ್ಟೇ. ಚೀಟಿ ಮಡಚಿ ಪರ್ಸಿನೊಳಗೆ ಇಟ್ಟುಕೊಂಡಳು.

ಗುರುವಾರ ಬೆಳಗ್ಗೆ ಆರಕ್ಕೆ ಅವ್ವ ಚೀಟಿ ಕೊಟ್ಟಳು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಮುಧೋಳ ಸರ್ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಸಹಿ ನೋಡಿದರು. ಸೀಲು ನೋಡಿದರು. ದಿನಾಂಕ ನೋಡಿದರು. ಆಮೇಲೆ, ಜೀವಮಾನವಿಡೀ ಶಿಫ್ಟಿನವರ ಎದುರು ನಿಂತು ದೋಷದ ಪಟ್ಟಿ ಓದಿದ ಅಭ್ಯಾಸ ನೋಡಿ, ಗಂಟಲು ಸರಿಮಾಡಿಕೊಂಡು ಓದತೊಡಗಿದರು. ಗಟ್ಟಿಯಾಗಿ. ಅವ್ವನ ಹೆಸರು. ವಯಸ್ಸು. ರೋಗದ ಹೆಸರು. ಎಷ್ಟು ವರ್ಷದಿಂದ. ಎಡಗಣ್ಣಿನಲ್ಲಿ ಏನು. ಬಲಗಣ್ಣಿನಲ್ಲಿ ಏನು.

ನಾನು ಮುಂದೆ ನುಗ್ಗಿದೆ. ಅವ್ವ ಹಿಂದಕ್ಕೆ ತಿರುಗಿ ನೋಡಿದಳು. ಆ ನೋಟಕ್ಕೆ ನಿಂತೆ.

ಓದಿ ಮುಗಿಯಿತು. ಶಕುಂತಲಾ ಕಾಕು ತಮ್ಮ ಚಾಪೆಯ ಅಂಚಿನ ದಾರ ಕೀಳುತ್ತಿದ್ದರು.

"ಇದನ್ನ ಮೊದಲ ಯಾಕ ಹೇಳಲಿಲ್ರೀ ವೈನಿ?" ಸರ್ ದನಿಯಲ್ಲಿ ನಿಜವಾದ ನೋವಿತ್ತು. "ನಾ ಕೇಳಿದ್ದೆ."

"ಕೇಳಿದ್ರಿ ಸರ್" ಅಂದಳು ಅವ್ವ. "ಎಲ್ಲಾರ ಮುಂದ ಕೈ ಎತ್ರಿ ಅಂದ್ರಿ. ಹೆಂಗಸು ಎಲ್ಲಾರ ಮುಂದ ಕೈ ಎತ್ತಿ ತನ್ನ ರೋಗ ಹೇಳ್ತಾಳೇನ್ರಿ? ಈಗ ಚೀಟಿ ಕೊಟ್ಟೆ. ಅದನ್ನೂ ಒದರಿ ಓದಿದ್ರಿ."

ಐದೇ ವಾಕ್ಯದಲ್ಲಿ ಮುಗಿಸಿದಳು ನೋಡಿ. ನನಗೆ ಎಂಟು ನಿಮಿಷ ಬೇಕಾಗಿತ್ತು, ಆದರೂ ಆಗಿರಲಿಲ್ಲ.

ಮುಧೋಳ ಸರ್ ರಿಜಿಸ್ಟರಿನ ಮೊದಲ ಪುಟಕ್ಕೆ ಹೋದರು. ಕೆಂಪು ಪೆನ್ನು ತೆಗೆದು "ನಿಲ್" ಅನ್ನುವುದನ್ನು ಹೊಡೆದುಹಾಕಿದರು. ಪಕ್ಕದಲ್ಲಿ ತಮ್ಮದೇ ಸಹಿ ಹಾಕಿದರು. "ಇನ್‌ಸ್ಪೆಕ್ಷನ್ ತಪ್ಪಾಗೈತಿ. ನಂದ ತಪ್ಪು" ಅಂದರು. "ನಾಳಿಗೆ ಎಲ್ಲಾರೂ ಬರಕೊಂಡು ಬರ್ರಿ. ಲಕೋಟಿ ಅಂಟಿಸಿ ತರ್ರಿ. ನಾ ಒಬ್ಬನ ಮನಸಿನಾಗ ಓದ್ತೀನಿ."

ಹನ್ನೊಂದು ಮಂದಿಯಲ್ಲಿ ಎಷ್ಟು ಲಕೋಟೆ ಬಂದವು? ಅವ್ವನ ಚೀಟಿ ಬಿಟ್ಟು ಒಂಬತ್ತು.

ಒಳಗೇನಿದೆ ನನಗೆ ಗೊತ್ತಿಲ್ಲ. ಆದರೆ ಶೀರ್ಷಾಸನ ನಿಂತಿದೆ. ಸರ್ವಾಂಗಾಸನ ನಿಂತಿದೆ. ಮುಂದೆ ಬಾಗುವುದು ಮಂಡಿಯವರೆಗೆ ಮಾತ್ರ. ಈಗ ಕ್ಲಾಸಿನಲ್ಲಿ ಕುರ್ಚಿ ಹಾಕಿಕೊಂಡು ಕಾಲ್ಬೆರಳು ತಿರುಗಿಸುತ್ತಾರೆ, ಉಸಿರು ಎಣಿಸುತ್ತಾರೆ. "ಇದೆಂಥಾ ಯೋಗಾರೀ, ಸಂತಿಗೆ ಹೋಗಿ ಬಂದ್ರ ಇದಕ್ಕಿಂತ ಹೆಚ್ಚು ಆಗ್ತೈತಿ" ಅಂತ ಗೊಣಗಾಟವೂ ಇದೆ. ಸರಿಯಾಗಿ ಕಲಿತು ಬಂದ, ಒಬ್ಬೊಬ್ಬರನ್ನೂ ಕೇಳಿ ಕಲಿಸುವ ಟೀಚರ್ ಒಬ್ಬರು ಗೊತ್ತಿದ್ದಾರೆ, ಕರೆಸೋಣವೇ ಅಂತ ಸಮಾಜ ಮಂದಿರದ ಹಿರಿಯರನ್ನು ಕೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಕನ್ನಡ ಬರ್ತೈತೇನು ಅವರಿಗೆ?"

ಬರುವುದಿಲ್ಲ. ಹಾಗಾಗಿ ಮುಧೋಳ ಸರ್ ಮುಂದುವರಿದಿದ್ದಾರೆ. ನಾನೂ ಕೈಬಿಟ್ಟಿದ್ದೇನೆ. ತನ್ನ ತಪ್ಪಿಗೆ ತಾನೇ ಕೆಂಪು ಗೆರೆ ಎಳೆದು ಸಹಿ ಹಾಕುವವರನ್ನು ನಾನು ಡಿಬೇಟ್ ಹಾಲುಗಳಲ್ಲಿ ಹೆಚ್ಚು ಕಂಡವಳಲ್ಲ.

ಅವ್ವ ಈಗ ಡ್ರಾಪ್ಸ್ ತಪ್ಪಿಸುವುದಿಲ್ಲ. ಬಾಟಲಿ ಟೀವಿಯ ಪಕ್ಕಕ್ಕೆ ಬಂದಿದೆ, ಬಂದವರೆಲ್ಲ ನೋಡುವ ಹಾಗೆ. ಡಾಕ್ಟರು ಮೂರು ತಿಂಗಳಿಗೆ ಮತ್ತೆ ಬನ್ನಿ ಅಂದಿದ್ದಾರೆ. ಆ ಅವರೆಕಾಳು ಅಷ್ಟಕ್ಕೇ ನಿಂತಿದೆಯೇ ಅಂತ ಆಗ ಗೊತ್ತಾಗುತ್ತದೆ. ಚಿಕ್ಕದಂತೂ ಆಗುವುದಿಲ್ಲ.

ಶಕುಂತಲಾ ಕಾಕು ಎರಡು ವಾರ ಬೆಳಗಾವಿಯ ಹೆಸರೆತ್ತಲಿಲ್ಲ. ಅವ್ವ ಊಟ ಕಡಿಮೆ ಮಾಡಿದಳು. ಕಣ್ಣಿನ ಕಪ್ಪು ತೋರಿಸಿದಾಗಲೂ ಅವಳು ಇಷ್ಟು ಬಾಡಿರಲಿಲ್ಲ. ನಾನು ಹೋಗಿ ನನ್ನ ಕಣ್ಣು ತೋರಿಸಿಕೊಂಡು ಬಂದೆ. ಎಲ್ಲ ನಾರ್ಮಲ್, ವರ್ಷಕ್ಕೊಮ್ಮೆ ನೋಡಿಸುತ್ತಿರಿ ಅಂದರು. ಫೋನಿನಲ್ಲಿ ಹೇಳಿದೆ. ಅತ್ತಲಿಂದ ಉದ್ದನೆಯ ಉಸಿರು. ಆಮೇಲೆ:

"ಬರಿಸಿಕೊಂಡೀಯೇನು?"

"ಏನ?"

"ನಾರ್ಮಲ್ ಐತಿ ಅಂತ. ಪೇಪರ್ ಮ್ಯಾಲೆ. ಸಹಿ, ಸೀಲು?"

"ರಿಪೋರ್ಟ್ ಐತಿ."

"ನಾಕು ಝೆರಾಕ್ಸ್ ತಗೊಂಡು ಬಾ."

ತಗೊಂಡು ಹೋದೆ. ಈಗ ಶಕುಂತಲಾ ಕಾಕೂನ ಮನೆಯ ಕಪಾಟಿನಲ್ಲಿ ನನ್ನ ಜಾತಕದ ಜೊತೆಗೆ ನನ್ನ ಎರಡು ಕಣ್ಣಿನ ರಿಪೋರ್ಟೂ ಪಿನ್ ಹೊಡೆದು ಇಟ್ಟಿದೆ. ಬೆಳಗಾವಿಯವರು ಮುಂದಿನ ವಾರ ಬರುತ್ತಾರಂತೆ. ಅವ್ವ ಎರಡು ಹೊತ್ತೂ ಊಟ ಮಾಡುತ್ತಿದ್ದಾಳೆ.

ಈಗ ಹೇಳಿ, ನಾನು ಯಾರ ಜೊತೆ ವಾದ ಮಾಡಲಿ?